ಗಂಟಲಿಗೆ ಉಳಿದ ಜೇನು

ನಾನು ಒಂದು ಪುಟ್ಟ ಪಿಂಗಾಣಿ ಜಾಡಿ. ಆವಿಗೆಯಲ್ಲಿ ಬೆಂದು ಹೊರಬಂದಾಗ ನನ್ನ ಕತ್ತು ಕಂದು, ಹೊಟ್ಟೆ ಹಾಲಿನ ಬಣ್ಣ. ಮೊದಲು ಚಾಮರಾಜನಗರದ ಒಂದು ಹೋಟೆಲಿನಲ್ಲಿ ಆರು ವರ್ಷ ಉಪ್ಪಿನಕಾಯಿ ಹೊತ್ತೆ. ಆ ಹೋಟೆಲು ಮುಚ್ಚಿದಾಗ ಯಳಂದೂರಿನ ಚೆಲ್ವಮ್ಮ ನನ್ನನ್ನು ಮನೆಗೆ ತಂದು, ಸೀಗೆಪುಡಿ ಹಾಕಿ ತಿಕ್ಕಿ, ಎಂಟು ದಿನ ಬಿಸಿಲಿಗಿಟ್ಟರು. ಆಮೇಲೆ ಬಿಳಿಗಿರಿ ಬೆಟ್ಟದ ಸೋಲಿಗರ ಜಡೇಗೌಡ ತಂದ ಹೆಜ್ಜೇನು ನನ್ನೊಳಗೆ ಇಳಿಯಿತು.

ಓಣಿಯಲ್ಲಿ ಯಾರು ಕೆಮ್ಮಿದರೂ ನನ್ನ ಮುಚ್ಚಳ ತೆರೆಯುತ್ತಿತ್ತು. ಒಂದು ಚಮಚ ಜೇನು ಗಂಟಲನ್ನು ಸವರಿಕೊಂಡು ನಿಧಾನವಾಗಿ ಇಳಿದರೆ, ಒಳಗಿನ ಕೆರೆತ ತಗ್ಗಿ ಕೆಮ್ಮು ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ವರ್ಷ ತುಂಬದ ಕೂಸಿಗೆ ಮಾತ್ರ ಚೆಲ್ವಮ್ಮ ಕೊಡುತ್ತಿರಲಿಲ್ಲ. ಅದು ಅಪಾಯವೆಂದು ದಾದಿ ತಿಳಿಸಿದ ಮೇಲೆ, ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಶಾಸ್ತ್ರವನ್ನೂ ಬಿಟ್ಟಿದ್ದರು.

ಚೆಲ್ವಮ್ಮನ ಯಜಮಾನರು ಅಳಸಿಂಗಾಚಾರ್ಯರು ಪ್ರತಿ ರಾಮನವಮಿಗೆ ಮನೆಯ ಹಜಾರದಲ್ಲಿ ಒಂಬತ್ತು ದಿನ ರಾಗವಾಗಿ ರಾಮಕಥೆ ಓದುತ್ತಿದ್ದರು. ಆರಂಭಿಸಿದ ದನಿಯೇ ಪಟ್ಟಾಭಿಷೇಕ ಮುಟ್ಟಿಸಬೇಕು, ಇಲ್ಲದಿದ್ದರೆ ಆ ವರ್ಷದ ಓದು ಅರ್ಧಕ್ಕೆ ನಿಂತಂತೆ. ನಲವತ್ತನೆಯ ವರ್ಷ, ಏಳನೆಯ ದಿನ, ಅವರಿಗೆ ನೆಗಡಿಯ ಒಣಕೆಮ್ಮು ಹತ್ತಿತು. ಎದೆ ಚೆನ್ನಾಗಿದೆ, ದನಿ ಏರಿಸಬೇಡಿ ಎಂದರು ಡಾಕ್ಟರು. ಎರಡು ದಿನ ನನ್ನ ಜೇನಿನಿಂದಲೇ ಓದು ಸಾಗಿತು.

ಕೊನೆಯ ದಿನ ಆಚಾರ್ಯರ ತಮ್ಮ ಶೇಷಣ್ಣ, ಭಕ್ತಿಯಿಂದಲೇ, ನನ್ನನ್ನು ಪಂಚಾಮೃತದ ಬಟ್ಟಲಿಗೆ ಬೋರಲು ಹಾಕಿದ. ಚೆಲ್ವಮ್ಮ ಬಂದು ನೋಡಿದರು.

"ಪೂರ್ತಿ ಸುರಿದ್ಬಿಟ್ಯಾ ಶೇಷ?"

"ದೇವ್ರಿಗೆ ಅಳೆದು ಹಾಕಕ್ಕಾಗತ್ತಾ ಅತ್ತಿಗೆ?"

"ದೇವ್ರಿಗೆ ಕೆಮ್ಮಿಲ್ವಲ್ಲೋ."

ಹಜಾರ ತುಂಬಿತ್ತು. ಆಚಾರ್ಯರು ಮೊದಲ ಪದ್ಯಕ್ಕೇ ಕೆಮ್ಮಿ ನಿಲ್ಲಿಸಿದ್ದರು. ಚೆಲ್ವಮ್ಮ ನನ್ನೊಳಗೆ ಉಗುರುಬೆಚ್ಚಗಿನ ನೀರು ಹಾಕಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ತಿರುಗಿಸಿದರು. ಹೊಟ್ಟೆಯ ಸುತ್ತ ಅಂಟಿದ್ದ ಜೇನೆಲ್ಲ ಕರಗಿತು. ಇಷ್ಟು ಸಾಕಾದೀತೇ ಎಂದು ನನಗೆ ಭಯ. ಲೋಟಕ್ಕೂ ಬಗ್ಗಿಸದೆ ನನ್ನನ್ನೇ ಓದುವ ಪೀಠದ ಬಳಿಗೆ ಒಯ್ದರು. ಆಚಾರ್ಯರು ಗುಟುಕರಿಸಿದರು. ಕೆಮ್ಮು ತಗ್ಗಿತು, ದನಿ ಮಾತ್ರ ಏರಲಿಲ್ಲ.

ಚೆಲ್ವಮ್ಮ ಜನರ ಕಡೆ ತಿರುಗಿದರು. "ಇವರ ದನಿ ನಿಮ್ಮ ಹತ್ರ ಬರಲ್ಲ. ನೀವೇ ಹತ್ರ ಬನ್ನಿ."

ಚಾಪೆಗಳು ಮುಂದೆ ಸರಿದವು. ಮಂಡಿಗೆ ಮಂಡಿ ತಾಗಿಸಿ ಕೂತರು. ಶೇಷಣ್ಣ ತಾನೇ ಎದ್ದು ಫ್ಯಾನ್ ಆರಿಸಿದ. ಆಚಾರ್ಯರು ಎರಡು ಸಲ ಕೆಮ್ಮಿದರು, ಎರಡು ಸಲ ಗುಟುಕರಿಸಿದರು, ಪಟ್ಟಾಭಿಷೇಕ ಮುಟ್ಟಿಸಿದರು. ಅಷ್ಟು ಮೆಲ್ಲಗೆ ಸಿಂಹಾಸನವೇರಿದ ರಾಮನನ್ನು ಆ ಓಣಿ ಹಿಂದೆಂದೂ ಕೇಳಿರಲಿಲ್ಲ.

ಈಗ ನನ್ನ ಬಾಯಿ ಚಕ್ಕೆಯೆದ್ದಿದೆ. ಜೇನು ಗಾಜಿನ ಸೀಸೆಗೆ ಹೋಯಿತು. ನಾನು ಪೀಠದ ಪಕ್ಕದ ಮೂಲೆಯಲ್ಲಿ ಹೂಬತ್ತಿ ಇಟ್ಟುಕೊಂಡು ಕೂತಿದ್ದೇನೆ. ತುಂಬಿದ್ದಾಗ ನನ್ನಿಂದಲೇ ಎಲ್ಲ ಎಂದುಕೊಂಡಿದ್ದೆ. ನಾನು ಕೊಟ್ಟದ್ದು ಅರ್ಧ, ಉಳಿದರ್ಧ ಹತ್ತಿರ ಸರಿದವರದು. ಆಚಾರ್ಯರ ಗಂಟಲು ವಾಸಿಯಾಗಿ ಎಷ್ಟೋ ವರ್ಷವಾಯಿತು. ನಾಳೆ ಮತ್ತೆ ಓದು ಶುರು. ಶೇಷಣ್ಣ ಇವತ್ತೇ ಚಾಪೆಗಳನ್ನು ಪೀಠಕ್ಕೆ ತಾಗಿಸಿ ಹಾಸುತ್ತಿದ್ದಾನೆ.