ಓದದೆ ಬಿಟ್ಟ ಪ್ಯಾರಾ

ಬಣ್ಣದ ಕಾರ್ಖಾನೆಯ ಮ್ಯಾನೇಜರ್ ಪತ್ರಿಕೆಯ ನಾಳೆಯ ಪುಟವನ್ನು ಸಾವಕಾಶವಾಗಿ ಓದಿ ಮುಗಿಸಿದ. ಆಮೇಲೆ ಜಾಹೀರಾತಿನ ಕರಾರನ್ನು ಸಂಪಾದಕರ ಮುಂದೆ ಬಿಡಿಸಿಟ್ಟು ಕೊನೆಯ ಪ್ಯಾರಾದ ಮೇಲೆ ಬೆರಳೂರಿದ. ಕಾರ್ಖಾನೆಯ ಕುರಿತ ಯಾವುದೇ ಸುದ್ದಿಯನ್ನು ಮೊದಲು ಕಾರ್ಖಾನೆಯವರಿಗೆ ತೋರಿಸಬೇಕು, ಅವರು ಬೇಡವೆಂದರೆ ಅಚ್ಚಾಗಬಾರದು. ಕೆಳಗೆ ಸಂಪಾದಕರ ದುಂಡನೆಯ ಸಹಿ.

"ಬೇಡ ಅಂತಿದೀವಿ," ಎಂದು ನಯವಾಗಿ ಹೇಳಿ ಎದ್ದುಹೋದ.

ಆ ಪುಟದಲ್ಲಿದ್ದ ಕಾರ್ಖಾನೆಯ ಸುದ್ದಿ ಬರೆದವಳು ಸಂಪಾದಕರ ಅಕ್ಕನ ಮಗಳು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಕಾರ್ಖಾನೆಯ ಕೊಳಚೆ ಊರಿನ ಬಾವಿಗಳಿಗೆ ಇಳಿದದ್ದನ್ನು ಅಲ್ಲೇ ದುಡಿಯುವ ಒಬ್ಬ ತಾಯಿ ತನ್ನ ಹೆಸರು ಸಮೇತ ಹೇಳಲು ಒಪ್ಪಿದ್ದಳು.

"ಓದ್ದೆ ಸಹಿ ಹಾಕಿದ್ರಾ ಮಾವ?"

"ಓದಿದೆ ಕಣೇ. ಮೇಲಿನ ಎರಡು ಪ್ಯಾರಾ."

ನಲವತ್ತು ವರ್ಷ ಸುದ್ದಿ ತಿದ್ದಿದ ಕಣ್ಣು ಅದು. ಸುದ್ದಿಯಲ್ಲಿ ಮುಖ್ಯವಾದದ್ದು ಮೊದಲ ಸಾಲಿನಲ್ಲಿರುತ್ತದೆ, ಬಾಲವಿರುವುದೇ ಕತ್ತರಿಸುವುದಕ್ಕೆ ಎಂದು ಹೊಸಬರಿಗೆಲ್ಲ ಪಾಠ ಹೇಳಿದವರು, ಕರಾರನ್ನೂ ಹಾಗೆಯೇ ಓದಿದ್ದರು.

"ಸಂಜೆ ವ್ಯಾಪಾರದ ಕ್ಲಾಸಿಗೆ ಹೋಗ್ತೀನಿ ಅಂದಾಗ ಏನಂದ್ರಿ? ಅಂಗಡಿ ಇಡ್ತೀಯೇನೇ ಅಂತ ಆಫೀಸಿಗೆ ಆಫೀಸೇ ನಕ್ರಲ್ಲ!"

"ಪತ್ರಕರ್ತ ವ್ಯಾಪಾರಕ್ಕಿಳಿದ್ರೆ ಕೆಡ್ತಾನೆ ಅಂತ..."

"ಇಳೀಬೇಡಿ! ವ್ಯಾಪಾರದವರು ಬರೆದದ್ದನ್ನ ಓದೋಕಾದ್ರೂ ಬರಬೇಡ್ವಾ? ಸಂತರ ಹಾಗೆ ಕೈ ತೊಳ್ಕೊಂಡು ಕೂತ್ರಿ, ನಮ್ಮ ಬಾಯಿ ಮಾರಿದ್ದು ನಿಮಗೇ ಗೊತ್ತಾಗ್ಲಿಲ್ಲ!"

ಪುಟ ಜೋಡಿಸುವಾತ ಬಾಗಿಲಲ್ಲಿ ಇಣುಕಿದ. "ತಾಯೀ, ಬೈಯೋದು ಮುಗಿದ ಮೇಲೆ ಹೇಳಿ. ಆ ಜಾಗಕ್ಕೆ ಏನು ತುಂಬ್ಲಿ?"

ಸಂಪಾದಕರು ತಡಿ ಎಂಬಂತೆ ಅವನತ್ತ ಕೈ ಎತ್ತಿದರು.

"ಹೋಗ್ಲಿ ಬಿಡೇ," ಮಾವನ ದನಿ ಇಳಿದಿತ್ತು. "ಕ್ಲಾಸಿಗೆ ಸೇರ್ಕೋ. ಇನ್ಮೇಲೆ ಕರಾರೆಲ್ಲ ನೀನೇ ಓದು."

ಅವಳ ಸಿಟ್ಟು ನೆತ್ತಿಗೇರಿತು. "ಇನ್ಮೇಲಾ? ಆ ತಾಯಿ ಹೆಸರನ್ನ ಅವನು ಈಗ್ತಾನೆ ಓದ್ಕೊಂಡು ಹೋದ. ಅಚ್ಚಾದ್ರೆ ನಾಲ್ಕು ಜನ ಅವಳ ಬೆನ್ನಿಗೆ ನಿಲ್ತಾರೆ. ಆಗದಿದ್ರೆ ನಾಳೆ ಗೇಟಿನ ಹತ್ತಿರ ಅವಳೊಬ್ಳೇ."

ದೇವರು ಕೆಲವು ಮಾತುಗಳನ್ನು ಮಕ್ಕಳ ಬಾಯಲ್ಲೇ ಆಡಿಸುತ್ತಾನೆ. ಸಂಪಾದಕರು ಕರಾರನ್ನು ಹತ್ತಿರಕ್ಕೆ ಎಳೆದುಕೊಂಡರು.

"ಕರಾರು ಮುರಿದ್ರೆ?"

"ಅದೂ ಅಲ್ಲೇ ಇದೆ. ನೀವೇ ಓದಿ."

ಅವರು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು. ಅಚ್ಚಿನ ಯಂತ್ರ ಕಾರ್ಖಾನೆಯ ಪಾಲಾಗುತ್ತದೆ. ಮತ್ತೊಮ್ಮೆ ಓದಿದರು, ಮುಖ ಬಿಳಿಚಿಕೊಂಡಿತು.

"ಇವಳ ಸುದ್ದಿಯನ್ನೇ ಹಾಕಪ್ಪ," ಎಂದರು ಬಾಗಿಲಿನ ಕಡೆ ತಿರುಗಿ. "ಯಂತ್ರ ಇನ್ನೂ ನಮ್ದು. ಬೇಗ ಓಡ್ಸು."

ಅವಳು ಥ್ಯಾಂಕ್ಸ್ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆ ತಾಯಿಯ ಮನೆಯ ಕಡೆ ಬಿರಬಿರನೆ ನಡೆದಳು.