ಸಾಲಿನಲ್ಲಿ ನಿಂತೇ ಇದ್ದ ಒಂದು ಮಾತು

ಹಡಗು ಕಂಪನಿಯ ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ನಿಧಾನಪ್ಪ ಎಂದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ. ಸರ್ವರ್ ನೋಡಿಕೊಳ್ಳುವುದು ಅವನ ಕೆಲಸ. ಒಂದು ಕಮಾಂಡ್ ಬರೆದರೆ ಅದನ್ನು ಓದಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿ, ಆಮೇಲೆ ಎಂಟರ್ ಒತ್ತುವ ಆಸಾಮಿ. ಹಾಗೆಂದೇ ಆ ಹಳೆಯ ಯೂನಿಕ್ಸ್ ಸರ್ವರ್ ಅವನ ಕೈಯಲ್ಲಿ ಯಾವತ್ತೂ ಮುನಿಸಿಕೊಂಡಿರಲಿಲ್ಲ.

ಮುನಿಸು ಇದ್ದದ್ದು ಮನೆಯಲ್ಲಿ. ಅವನ ತಮ್ಮ ಅದೇ ಕಂಪನಿಯ ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ತಮ್ಮನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡಿಕೊಂಡು ಇವರ ಮನೆಯ ಮಹಡಿಯಲ್ಲೇ ಇದ್ದಳು. ಮನೆಗೆ ಕಿರಿಯವಳೆಂದು ಎಲ್ಲರ ಬಾಯಲ್ಲೂ ಪುಟ್ಟಿ. ತಮ್ಮ ರಜೆಯ ಮೇಲೆ ಬರಬೇಕಾಗಿದ್ದವನು, ಹೆಂಡತಿಯನ್ನು ಒಂದು ಮಾತು ಕೇಳದೆ, ಇನ್ನೊಂದು ಹಡಗಿಗೆ ಹೆಸರು ಕೊಟ್ಟುಬಿಟ್ಟಿದ್ದ. ಬಂದರಿನಿಂದ ಫೋನ್ ಮಾಡಿ ತಿಳಿಸಿದಾಗ ಪುಟ್ಟಿ, "ಹಾಗಾದ್ರೆ ಬರ್ಲೇಬೇಡಿ, ಅಲ್ಲೇ ಇರಿ" ಎಂದು ಫೋನ್ ಇಟ್ಟಿದ್ದಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ ನಿಜ. ಉಣ್ಣುವವಳು ನೆಲದ ಮೇಲೆ, ಮಲಗುವವನು ನೀರಿನ ಮೇಲೆ ಆದರೆ ಅದು ಮುಗಿಯುವುದಾದರೂ ಹೇಗೆ?

ನಿಧಾನಪ್ಪನ ಹೆಂಡತಿ ಕೇಳಿನೋಡಿದಳು. "ನಾನು ಬರೆದಾಗಿದೆ ಅಕ್ಕ. ಉತ್ತರ ಕೊಡೋದು ಬಿಡೋದು ಅವರಿಷ್ಟ" ಎಂದಳು ಪುಟ್ಟಿ. ಏನು ಬರೆದಳೆಂದು ಹೇಳಲಿಲ್ಲ. ನಿಧಾನಪ್ಪ ತಮ್ಮನಿಗೆ ಫೋನ್ ಸಿಕ್ಕಿದಾಗ ಗದರಿದ. ತಮ್ಮ, "ಬರಬೇಡ ಅಂದಿದ್ದು ಅವಳು ಅಣ್ಣ. ಬಾ ಅನ್ನಲಿ ಮೊದಲು" ಎಂದ. ಪುಟ್ಟಿ ಮತ್ತೆ ಬೈದು ಬರೆದಿರಬೇಕೆಂದು ನಿಧಾನಪ್ಪನೇ ಅಂದುಕೊಂಡ. ಆದರೂ ಅವಳಿಗಿಂತ ದೊಡ್ಡವನು ನೀನು, ಸೋಲಬಾರದೇ ಎಂದು ರೇಗಿ, "ಕಲ್ಲು ಕಣೋ ನೀನು" ಎಂದೂ ಅಂದುಬಿಟ್ಟ.

ಆ ಭಾನುವಾರ ಬೆಳಿಗ್ಗೆ ಸರ್ವರಿನ ಮೆಸೇಜು ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಏರಿಸುವುದೆಂದು ನಿಗದಿಯಾಗಿತ್ತು. ಮನೆಯವರು ಹಡಗಿನವರಿಗೆ ಬರೆದದ್ದೆಲ್ಲ ಮೊದಲು ಈ ಸರ್ವರಿಗೆ ಬಂದು ಸಾಲಾಗಿ ನಿಲ್ಲುತ್ತದೆ. ನಡುಸಮುದ್ರದ ಹಡಗಿಗೆ ಉಪಗ್ರಹದ ಸಂಪರ್ಕ ಸಿಕ್ಕಾಗ, ಅದು ಕೇಳಿ ತನ್ನ ಪಾಲಿನದನ್ನು ಎತ್ತಿಕೊಳ್ಳುತ್ತದೆ. ಹಳೆಯದು ಬರೆದಿಟ್ಟ ಕಡತಗಳು ಹೊಸದಕ್ಕೆ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು, ಹೊಸ ಮೆಸೇಜು ಒಳಬರುವ ಬಾಗಿಲು ಮುಚ್ಚಬೇಕು. ನಿಂತವರೆಲ್ಲ ಹೊರಟು ಸಾಲು ಖಾಲಿಯಾಗಬೇಕು. ಆಮೇಲೆ ಬ್ಯಾಕಪ್, ಆಮೇಲೆ ಹೊಸದು.

ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ವಿಭಾಗದ ಮೇಡಂ ಕೂತಿದ್ದರು. ಬಾಗಿಲು ಮುಚ್ಚಿದ ಮೇಲೆ ಪರದೆಯ ಮೇಲಿನ ಸಂಖ್ಯೆ ಜರಜರ ಇಳಿಯಿತು. ಇಳಿದು ಇಳಿದು ಒಂದಕ್ಕೆ ಬಂದು ನಿಂತಿತು. ಇವರು ಕಾಫಿ ಕುಡಿದು ಬಂದರೂ ಒಂದೇ.

"ಒಂದೇ ತಾನೆ, ಅಳಿಸಿಬಿಡಿ. ಮಧ್ಯಾಹ್ನಕ್ಕೆ ಬಾಗಿಲು ತೆಗೀಬೇಕು."

"ಯಾರದು ಅಂತ ನೋಡಿಬಿಡ್ತೀನಿ ಮೇಡಂ. ಅಳಿಸೋಕೆ ಎಷ್ಟೊತ್ತು?"

ಒಳಗಿನ ಮಾತು ತೆರೆಯದೆ, ಮೇಲಿನ ವಿಳಾಸವನ್ನಷ್ಟೇ ತೋರಿಸುವ ಕಮಾಂಡ್ ಬರೆದ. ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದ. ಕಳಿಸಿದವಳು ಪುಟ್ಟಿ. ಸೇರಬೇಕಾದವನು ತಮ್ಮ. ತಾರೀಖು ಜಗಳವಾದ ದಿನದ್ದೇ. ಹೋಗಬೇಕಾದ ಹಡಗು ಮಾತ್ರ ಹಳೆಯದು. ತಮ್ಮ ಗಂಟು ಕಟ್ಟಿಕೊಂಡು ಹೊಸ ಹಡಗು ಹತ್ತುತ್ತಿದ್ದ ಹೊತ್ತಿಗೆ ಇವಳು ಬರೆದಿದ್ದಳು. ಹಳೆಯ ಹಡಗು ಸಂಪರ್ಕದ ಯಂತ್ರವನ್ನೂ ಆಫ್ ಮಾಡಿಕೊಂಡು ರಿಪೇರಿಗೆ ಹೋಗಿ ಕೂತಿತ್ತು. ಕೇಳುವವರಿಲ್ಲದೆ ಆ ಮಾತು ಇಷ್ಟು ದಿನ ಇಲ್ಲೇ, ತಾನು ದಿನಾ ಕೂರುವ ಕುರ್ಚಿಯಿಂದ ಮಾರು ದೂರದಲ್ಲಿ, ತೆಪ್ಪಗೆ ನಿಂತಿತ್ತು.

"ಇದು ನಮ್ಮನೇದು ಮೇಡಂ" ಎಂದ. ಮೇಡಂ ಅವನ ಮುಖ ನೋಡಿ ಕೈಗಡಿಯಾರದ ಮೇಲೆ ಸೆರಗು ಎಳೆದುಕೊಂಡರು. "ಫೋನ್ ಮಾಡಿ ಹೋಗಿ" ಎಂದರು.

ಮೆಟ್ಟಿಲ ಹತ್ತಿರ ನಿಂತು ಅವನು ಪುಟ್ಟಿಗೆ ಫೋನ್ ಮಾಡಿ ವಿಷಯ ಹೇಳಿದ. ಆ ಕಡೆ ನಲ್ಲಿಯ ನೀರು ಸುರಿಯುವುದು ಕೇಳುತ್ತಿತ್ತು.

"ಹಾಗಾದ್ರೆ ಅವರಿಗೆ ಮುಟ್ಟೇ ಇಲ್ವಾ ಭಾವ?"

"ಇಲ್ಲಮ್ಮ."

"ನೀವು... ಓದಿದ್ರಾ?"

"ಛೆ, ಛೆ. ವಿಳಾಸ ನೋಡ್ದೆ ಅಷ್ಟೆ. ಈಗ ಏನ್ಮಾಡ್ಲಿ ಹೇಳು. ಬೇಡ ಅಂದ್ರೆ ಅಳಿಸ್ತೀನಿ. ಹೊಸದಾಗಿ ಬರೀತೀನಿ ಅಂದ್ರೂ ಸರಿ."

ನಲ್ಲಿ ನಿಂತಿತು. "ಹೊಸದು ಬೇಡ" ಎಂದಳು ಪುಟ್ಟಿ. "ಅದೇ ಹೋಗ್ಲಿ. ತಾರೀಖು ಮಾತ್ರ ಬದಲಾಗ್ಬಾರ್ದು ಭಾವ. ಆವತ್ತೇ ಬನ್ನಿ ಅಂತ ಬರೆದಿದ್ದೆ ಅನ್ನೋದು ಅವರಿಗೆ ಗೊತ್ತಾಗ್ಬೇಕು." ಮೂಗು ಏರಿಸಿಕೊಂಡು, "ಇಷ್ಟು ದಿನ ಸುಮ್ಮಸುಮ್ನೆ ಅವರನ್ನ ಬೈಕೊಂಡೆನಲ್ಲ" ಎಂದಳು.

"ನಾನೂ ಬೈದೆ ಕಣಮ್ಮ" ಎಂದ ನಿಧಾನಪ್ಪ.

ತಾರೀಖು ಹಾಗೆಯೇ ಉಳಿಸಿ, ಹಡಗಿನ ಹೆಸರಷ್ಟನ್ನೇ ತಿದ್ದಿ ಅವನು ಮೆಸೇಜನ್ನು ಹೊಸ ಹಡಗಿನ ಸಾಲಿಗೆ ದಾಟಿಸಿದ. ಮುಟ್ಟಿತೆಂಬ ಗುರುತು ಬರುವ ತನಕ ಕೈಕಟ್ಟಿ ಕೂತ. ಒಂದಿದ್ದದ್ದು ಸೊನ್ನೆಯಾಯಿತು. ಮೇಡಂ, "ಹೋಯ್ತು, ಹೋಯ್ತು!" ಎಂದು ಬಸ್ಸು ಹತ್ತಿಸಿದವರ ಹಾಗೆ ಪರದೆಗೆ ಕೈಬೀಸಿದರು.

ಆಮೇಲೆ ಹಳೆಯದನ್ನು ನಿಲ್ಲಿಸಿ, ಕಡತ, ಸೆಟ್ಟಿಂಗ್ ಎಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ನಕಲು ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದೂ ನೋಡಿ ಹೊಸದನ್ನು ಕೂರಿಸಿದ. ಶುರುಮಾಡಿದರೆ ಅದು ಏಳಲೇ ಇಲ್ಲ. ಮೇಡಂ ಮುಖ ಸಪ್ಪಗಾಯಿತು. "ಹಳೇದು ಜೋಪಾನವಾಗಿದೆ, ಗಾಬರಿ ಬೇಡ" ಎಂದು ಅವನು, ತಪ್ಪೇನೆಂದು ಸಾಫ್ಟ್‌ವೇರು ಬರೆದಿಟ್ಟ ಲಾಗ್ ಓದಿದ. ಹೊಸದನ್ನು ಕೂರಿಸುವಾಗ ಮೆಸೇಜು ಇಡುವ ಫೋಲ್ಡರಿನ ಯಜಮಾನಿಕೆ ಬೇರೆ ಖಾತೆಗೆ ಹೋಗಿತ್ತು. ತನ್ನ ಮನೆಗೇ ಬೀಗ ಬಿದ್ದವರ ಹಾಗೆ ಸಾಫ್ಟ್‌ವೇರು ಹೊರಗೆ ನಿಂತಿತ್ತು. ಯಜಮಾನಿಕೆ ತಿದ್ದಿದ, ಎದ್ದಿತು. ಒಂದು ಹಡಗಿಗೆ ಪರೀಕ್ಷೆಯ ಮೆಸೇಜು ಹೋಗಿ ಉತ್ತರ ಬಂದ ಮೇಲೆ ಬಾಗಿಲು ತೆರೆದ. ತಡೆದು ನಿಂತಿದ್ದ ಊರಿನವರ ಮಾತೆಲ್ಲ ಒಟ್ಟಿಗೇ ನುಗ್ಗಿ ಬಂತು.

ಸಂಜೆ ಮನೆಯಲ್ಲಿ ಪುಟ್ಟಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಅವಳ ಫೋನು ಗುನುಗಿತು. ಓದುತ್ತ ಓದುತ್ತ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಏನಂತೆ?" ಎಂದಳು ನಿಧಾನಪ್ಪನ ಹೆಂಡತಿ, ಸೌಟು ಹಿಡಿದುಕೊಂಡೇ ಓಡಿಬಂದು.

"ಎಂಜಿನ್ ಹತ್ರ ನಿಂತು ಓದಿದ್ರಂತೆ ಅಕ್ಕ. ಎಣ್ಣೆ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖ ಎಲ್ಲ ಮಸಿಯಂತೆ. ಜೊತೆಯವರೆಲ್ಲ ನಗ್ತಿದಾರಂತೆ." ಪುಟ್ಟಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಮುಂದಿನ ಬಂದರಲ್ಲಿ ಇಳಿದುಬಿಡ್ತೀನಿ, ಬದಲಿ ಜನ ಕೇಳಿದೀನಿ ಅಂತ ಬರೆದಿದಾರೆ."

ಆ ಬಂದರಿನಿಂದ ಪುಟ್ಟಿಗೆ ತಮ್ಮನ ಫೋನ್ ಬಂದ ದಿನ, ನಿಧಾನಪ್ಪ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಮಹಡಿಯ ಬಾಗಿಲ ಹತ್ತಿರ ಓಡಾಡುತ್ತಿದ್ದ. ಕಲ್ಲು ಅಂದದ್ದು ತಪ್ಪಾಯ್ತು ಅನ್ನಬೇಕು; ಅಷ್ಟೇ ಅಂದರೆ ಸಾಲದು, ಇನ್ನೇನಾದರೂ ಸೇರಿಸಬೇಕು. ಒಳಗೆ ಪುಟ್ಟಿಯ ನಗು ನಿಲ್ಲುವಂತೆ ಕಾಣಲಿಲ್ಲ. ಕಡೆಗೆ ಅವಳೇ ಬಾಗಿಲಿನಿಂದ ಇಣುಕಿ, "ಭಾವ, ಅವರಿಗೆ ಹೊತ್ತಾಯ್ತಂತೆ, ಇಟ್ಟುಬಿಟ್ರು. ಅಣ್ಣಂಗೆ ಬಂದೇ ಸಿಗ್ತೀನಿ ಅಂದ್ರು" ಎಂದಳು.

"ಇರ್ಲಿ ಬಿಡಮ್ಮ" ಎಂದ ನಿಧಾನಪ್ಪ.

ಕೆಳಗಿನಿಂದ ಹೆಂಡತಿ ಕೂಗಿದಳು: "ರೀ, ಬನ್ರೀ ಊಟಕ್ಕೆ. ಅವನು ಬಂದ ಮೇಲೆ ತಬ್ಬಿಕೊಂಡ್ರೆ ಆಯ್ತು, ಭಾಷಣ ಯಾಕೆ!"