ಸೀಟಿಗೆ ಮುಂಚೆ

ಚಾಂದ್ ಬೀ ಮೊರದ ಕಾಫಿಬೀಜದಲ್ಲಿ ಕರಿಕಾಳು ಆರಿಸಿ ಪಕ್ಕದ ಡಬ್ಬಕ್ಕೆ ಹಾಕುತ್ತಿದ್ದಳು. ಬಂದವಳಿಗೆ ಕೂರು ಎನ್ನಲಿಲ್ಲ. ರೊವೀನಾ ತಾನಾಗಿಯೇ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಮೊರದ ಈಚೆ ಅಂಚಿನಿಂದ ಆರಿಸತೊಡಗಿದಳು. ಒಳಬಾಗಿಲ ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು, ಮೊಮ್ಮಗಳು ಅಂಜುಮಳವು. ಹಿಮ್ಮಡಿ ಏರುತ್ತಿತ್ತು, ಇಳಿಯುತ್ತಿತ್ತು.

ನಾಳೆ ಆಲೂರಿನಲ್ಲಿ ರಿಲೇ ಓಟ. ಎರಡು ವರ್ಷ ಬೆಳಬೆಳಗ್ಗೆ ಎಬ್ಬಿಸಿ ರೊವೀನಾ ತಯಾರು ಮಾಡಿದ ನಾಲ್ವರು ಹುಡುಗಿಯರಲ್ಲಿ ಕೊನೆಗೆ ಓಡುವವಳು ಅಂಜುಮ್. ಮೂರು ದಿನದಿಂದ ಅವಳು ಮೈದಾನಕ್ಕೆ ಬಂದಿರಲಿಲ್ಲ. ಮೂವರಿಂದ ರಿಲೇ ಆಗುವುದಿಲ್ಲ.

"ನನ್ ಮೊಮ್ಮಗಳಿಗೆ ಶಿಲುಬೆ ಹಾಕೋದು ಕಲ್ಸಿದೀಯ," ಚಾಂದ್ ಬೀ ತಲೆಯೆತ್ತದೆ ಅಂದಳು. "ಅವಳಣ್ಣ ಉಮೇರ್ ಕಣ್ಣಾರೆ ನೋಡ್ಕಂಡ್ ಬಂದವ್ನೆ. ಹಣೆ, ಎದೆ, ಭುಜ, ಭುಜ."

"ಕಲ್ಸಿಲ್ಲ ಅಮ್ಮಾ. ಸೀಟಿ ಊದಕ್ ಮುಂಚೆ ನಾನು ಹಾಕ್ಕಂತೀನಿ. ಅದೂ ಓಟದ ಪಾಠಾನೇ ಅನ್ಕಂಡು ಇವೂ ಶುರು ಮಾಡ್ಬುಟ್ಟವೆ. ನಾನು ಆಗ ಕಣ್ ಮುಚ್ಕಂಡಿರ್ತೀನಲ್ಲ, ಮೊನ್ನೆ ಗಂಟ ಗೊತ್ತೇ ಆಗಿರ್ಲಿಲ್ಲ."

"ಎಲ್ಲಾರೂವಾ?"

"ಪುಷ್ಪಾನೂ. ಅವ್ಳು ಆಮೇಲೆ ನೆಲ ಮುಟ್ಟಿ ಕಣ್ಣಿಗೂ ಒತ್ಕಂತಾಳೆ."

"ಯಾವ್ ದೇವ್ರನ್ನೂ ಬಿಡಾಕಿಲ್ಲ ಅನ್ನು ಮಾರಾಯ್ತಿ!"

ಪರದೆಯ ಹಿಂದೆ ನಗು ಕಿಸಕ್ಕೆಂದು ತಟ್ಟನೆ ನಿಂತಿತು. ಚಾಂದ್ ಬೀಯ ಮುಖ ಮತ್ತೆ ಬಿಗಿದುಕೊಂಡಿತು.

"ಇನ್ಮೇಲೆ ನಾನೂ ಹಾಕ್ಕಳಲ್ಲ," ರೊವೀನಾ ಅವಸರದಲ್ಲಿ ಅಂದಳು. "ಕೈನೇ ಎತ್ತಲ್ಲ."

"ಎಷ್ಟು ವರ್ಷದ ಅಭ್ಯಾಸ?"

"ಮಾತು ಬಂದಾಗಿಂದ."

ಅಷ್ಟರಲ್ಲಿ ಪೇಟೆಯ ಆಚೆಯಿಂದ ಇಗರ್ಜಿಯ ಹನ್ನೆರಡರ ಪ್ರಾರ್ಥನೆಯ ಗಂಟೆ ಕೇಳಿಸಿತು. ಚಾಂದ್ ಬೀ ತನ್ನ ಮುಖವನ್ನೇ ನೋಡುತ್ತಿರುವುದೇಕೆಂದು ರೊವೀನಾಗೆ ತಿಳಿಯುವ ಹೊತ್ತಿಗೆ ಅವಳ ಬೆರಳು ಹಣೆ, ಎದೆ ದಾಟಿ ಭುಜದ ಮೇಲಿತ್ತು. ಕೈಗೆ ಹತ್ತಿದ್ದ ಕಾಫಿಯ ಹೊಟ್ಟು ಹಣೆಯಲ್ಲಿ ಉಳಿದಿತ್ತು.

"ನೋಡ್ದಾ?" ಅಂದಳು ಚಾಂದ್ ಬೀ. ದನಿಯಲ್ಲಿ ಕೋಪವಿರಲಿಲ್ಲ.

ರೊವೀನಾ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ಎಡಗೈಯಲ್ಲಿ ಆರಿಸತೊಡಗಿದಳು. ಒಳ್ಳೆಯ ಕಾಳೇ ಡಬ್ಬಕ್ಕೆ ಬಿತ್ತು. ತೆಗೆದಳು. ಇನ್ನೊಂದು ಬಿತ್ತು. ಕೂರಲಾಗದೆ ಎದ್ದಳು.

"ಸುಳ್ಳು ಯಾಕೆ ಹೇಳ್ಲಿ, ಕೈ ಹೋಗ್ಬುಡುತ್ತೆ. ನಾಳೆ ಅವ್ರ ಬೆನ್ ಹಿಂದೆ ನಿಂತ್ಕಂತೀನಿ, ಅವ್ಕೆ ಕಾಣಾಕಿಲ್ಲ."

ಚಾಂದ್ ಬೀ ಮೊರವನ್ನು ತನ್ನತ್ತ ಎಳೆದುಕೊಂಡಳು.

"ಬಸ್ಸು ಆರೂವರೆಗೆ. ಅಂಜುಮ್‌ನ ಕಳ್ಸಿ ಅಮ್ಮಾ."

ಚಾಂದ್ ಬೀ ಒಂದು ಕಾಳನ್ನೆತ್ತಿ ಬೆಳಕಿಗೆ ಹಿಡಿದು ನೋಡಿದಳು. ಪರದೆಯ ಕೆಳಗೆ, ಅಜ್ಜಿಯ ಮಾತಿಗೆ ಕಾಯುತ್ತ ಏರಿದ ಹಿಮ್ಮಡಿ ಇಳಿಯಲೇ ಇಲ್ಲ.